ಹಳೇ ಡಯಲ್ ಫೋನ್ ಸಿಕ್ರೆ ಬಿಸಾಕ್ಬೇಡಿ, ಹೀಗೆ ಸರಿ ಮಾಡಿ

ತೀರ್ಥಹಳ್ಳಿ, ಸಾಗರದ ಕಡೆ ಹಳೇ ಮನೆ ಅಟ್ಟದಲ್ಲೋ ಶಿವಮೊಗ್ಗದ ಗುಜರಿ ಅಂಗಡಿಲೋ ಹುಡುಕಿದ್ರೆ ಕಪ್ಪು ಡಯಲ್ ಫೋನ್ ಸಿಗಬಹುದು, 1948ರಲ್ಲಿ ಬೆಂಗಳೂರಲ್ಲಿ ಶುರುವಾದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಂಪನಿದು ಸಿಕ್ರಂತೂ ಬಿಡ್ಲೇಬೇಡಿ. ತಗೊಳ್ಳೋವಾಗ ಬಾಡಿ ಬಿರುಕು ಬಿಟ್ಟಿದ್ಯಾ ನೋಡಿ, ಬಾಕಿ ಎಲ್ಲಾ ಸರಿ ಮಾಡ್ಬಹುದು.

ಬಿಚ್ಚೋ ಮುಂಚೆ ಲೈನ್ ಕಿತ್ತಿಡಿ, ಸುಮ್ನಿದ್ದಾಗ ಸುಮಾರು 48 ವೋಲ್ಟ್ ಇದ್ರೂ ರಿಂಗ್ ಬಂದಾಗ ಅದಕ್ಕಿಂತ ತುಂಬಾ ಜಾಸ್ತಿ, ಶಾಕ್ ಹೊಡಿಯತ್ತೆ. ವೈರ್‌ಗಳದ್ದು ಒಂದು ಫೋಟೋ ಕೂಡ ತೆಗ್ದಿಟ್ಕೊಳ್ಳಿ.

ಡಯಲ್ಲೇ ಇದರ ಜೀವ. ಬೆರಳು ಬಿಟ್ಮೇಲೆ ಅದು ವಾಪಸ್ ತಿರುಗ್ತಾ ಲೈನನ್ನ ಕಟ್ ಮಾಡಿ ಕಟ್ ಮಾಡಿ ನಂಬರ್ ಕಳಿಸತ್ತೆ, ಒಂದೊಂದ್ಸಲ ಕಟ್ ಆಗೋದೇ ಒಂದು ಪಲ್ಸ್, ಸೆಕೆಂಡಿಗೆ 10 ಪಲ್ಸ್, ಸೊನ್ನೆಗೆ 10 ಪಲ್ಸ್, ಅಂದ್ರೆ ಸೊನ್ನೆಗೇ ಒಂದು ಸೆಕೆಂಡ್ ಬೇಕು, ಮೊಬೈಲಲ್ಲಿ ರೆಕಾರ್ಡ್ ಮಾಡಿ ಅಳತೆ ನೋಡಿ. ನಿಧಾನ ಇದ್ರೆ ಒಳಗೆ ಗ್ರೀಸ್ ಗಟ್ಟಿಯಾಗಿದೆ ಅಂತ. ಹಳೇದನ್ನ ಒರೆಸಿ ತೆಗೆದು ವಾಚಿಗೆ ಹಾಕೋ ಎಣ್ಣೆ ಸೂಜಿ ತುದಿಲಿ ಒಂದೇ ಹನಿ ಹಾಕಿ, ತೆಂಗಿನೆಣ್ಣೆ ಮಾತ್ರ ದಯವಿಟ್ಟು ಬೇಡ, ನಮ್ಮ ಚಳಿಗೆ ಹೆಪ್ಪುಗಟ್ಟತ್ತೆ. ಡಯಲ್ ಒಳಗೆ ಲೈನ್ ಕಟ್ ಮಾಡೋ ಲೋಹದ ಕಾಂಟ್ಯಾಕ್ಟ್‌ಗಳ ಮಧ್ಯ ಬಿಳಿ ಕಾಗದದ ಚೂರು ಇಟ್ಟು ಮೆಲ್ಲಗೆ ಎಳೀರಿ, ಕಪ್ಪು ಗೆರೆ ಬರ್ತಾ ಬರ್ತಾ ಮಾಯ ಆಗತ್ತೆ, ಅದನ್ನ ನೋಡೋದೇ ಒಂದು ಖುಷಿ.

ಮಳೆಗಾಲದ ಥಂಡಿಗೆ ಮೈಕಿನ ಕಾರ್ಬನ್ ಪುಡಿ ಗಂಟು ಕಟ್ಟಿ ದನಿ ಸಣ್ಣ ಆಗಿರತ್ತೆ, ರಿಸೀವರ್ ಅಂಗೈಗೆ ತಟ್ಟಿದ್ರೆ ಸಡಿಲ ಆಗತ್ತೆ. ಬಾಡಿ ನೀರಲ್ಲಿ ನೆನೆಸ್ಬೇಡಿ, ಒದ್ದೆ ಬಟ್ಟೆಲಿ ಬೂಷ್ಟು ಒರೆಸಿ ಒಣಗಿಸಿ ಆಮೇಲೆ ಪಾಲಿಶ್ ಹಾಕಿ. ಈಗಿನ ಫೈಬರ್ ಕನೆಕ್ಷನ್‌ಗೆ ಪಲ್ಸ್ ಅರ್ಥ ಆಗ್ದಿದ್ರೆ ಪಲ್ಸನ್ನ ಬಟನ್ ಫೋನಿನ ಟೋನ್ ಆಗಿ ಬದಲಾಯಿಸೋ ಪಲ್ಸ್ ಟು ಟೋನ್ ಕನ್ವರ್ಟರ್ ಹಾಕ್ಬೇಕಾಗತ್ತೆ.