ಕಾಣದ ದುಡಿಮೆಯ ಭಾರ ಇಳಿಸುವುದು ಹೇಗೆ?

‘ಬಿಡುವಾದಾಗ ನನ್ನ ಕೋಣೆಗೆ ಬನ್ನಿ, ಸ್ವಲ್ಪ ಮಾತನಾಡುವುದಿದೆ.’

ಕೆಲವು ವರ್ಷಗಳ ಹಿಂದೆ ತಂಡವೊಂದರ ಹೊಣೆ ಹೊತ್ತಿದ್ದಾಗ, ಮಧ್ಯಾಹ್ನ ಮೂರರ ಹೊತ್ತಿಗೆ ಸಹೋದ್ಯೋಗಿಯೊಬ್ಬರಿಗೆ ನಾನು ಕಳುಹಿಸಿದ ಸಂದೇಶವಿದು. ಅವರು ಬರೆದ ವರದಿ ಚೆನ್ನಾಗಿದೆ ಎಂದು ಹೇಳುವುದಷ್ಟೇ ನನ್ನ ಉದ್ದೇಶವಾಗಿತ್ತು. ಅವರು ಬಂದದ್ದು ಐದು ಗಂಟೆಗೆ. ಕೈಯಲ್ಲೊಂದು ನೋಟ್‌ಪುಸ್ತಕ; ಅದರ ತುಂಬ ಆ ತಿಂಗಳು ತಾವು ಮಾಡಿರಬಹುದಾದ ತಪ್ಪುಗಳ ಪಟ್ಟಿ. ಆ ಎರಡು ಗಂಟೆ ಅವರಿಂದ ಬೇರೇನೂ ಮಾಡಲಾಗಿರಲಿಲ್ಲ. ತಮಗೆ ಆಟಿಸಂ ಇದೆ ಎಂದು ಅವರು ನನಗೆ ಹೇಳಿದ್ದು ಅದಾಗಿ ಬಹಳ ದಿನಗಳ ಮೇಲೆ. ‘ವಿಷಯ ಏನೆಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು’ ಎಂದರು. ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಎಲ್ಲರ ಮಿದುಳೂ ಒಂದೇ ಬಗೆಯಲ್ಲಿ ಕೆಲಸ ಮಾಡುವುದಿಲ್ಲ. ಆಟಿಸಂ (ಇತರರೊಂದಿಗೆ ಬೆರೆಯುವ, ಸುತ್ತಲಿನದನ್ನು ಗ್ರಹಿಸುವ ರೀತಿ ಬೇರೆಯಾಗಿರುವುದು), ಎಡಿಎಚ್‌ಡಿ (ಗಮನ ನಿಲ್ಲಿಸಲು, ಚಡಪಡಿಕೆ ತಡೆಯಲು ಕಷ್ಟವಾಗುವುದು), ಡಿಸ್ಲೆಕ್ಸಿಯಾ (ಓದು ಬರಹದ ತೊಡಕು), ಡಿಸ್‌ಪ್ರಾಕ್ಸಿಯಾ (ದೇಹದ ಚಲನೆಯನ್ನು ಹೊಂದಿಸುವ ತೊಡಕು), ಟುರೆಟ್ (ತಡೆಯಲಾಗದೆ ಬರುವ ಚಲನೆ, ಸದ್ದು) ಮುಂತಾದ ಸ್ಥಿತಿಗಳಿರುವವರಿಗೆ ಸದ್ದು, ಸಮಯ, ಅಕ್ಷರ, ದೇಹದ ಚಲನೆ, ಮಾತಿನ ಒಳಾರ್ಥ ಇವುಗಳಲ್ಲಿ ಒಂದೋ ಹಲವೋ ಬಹುಪಾಲು ಜನರಿಗಿಂತ ಬೇರೆ ರೀತಿಯಲ್ಲಿ ಅನುಭವಕ್ಕೆ ಬರುತ್ತವೆ. ಇವರನ್ನು ನ್ಯೂರೋಡೈವರ್ಜೆಂಟ್ ಎನ್ನುತ್ತಾರೆ. ನ್ಯೂರೋಡೈವರ್ಸಿಟಿ, ಅಂದರೆ ನರವೈವಿಧ್ಯ ಎಂಬ ಮಾತು ಬಳಕೆಗೆ ಬಂದದ್ದು 1990ರ ದಶಕದಲ್ಲಿ.

ಕಚೇರಿಯಲ್ಲಿ ಇವರು ಎರಡು ಪಾಳಿಯ ದುಡಿಮೆಯನ್ನು ಒಂದೇ ಹೊತ್ತಿನಲ್ಲಿ ಮಾಡುತ್ತಿರುತ್ತಾರೆ. ಒಂದು, ಸಂಬಳಕ್ಕಾಗಿ ಮಾಡುವ ಕೆಲಸ. ಇನ್ನೊಂದು, ಯಾರ ಲೆಕ್ಕಕ್ಕೂ ಬಾರದ ಕೆಲಸ: ಎದುರಿನವರ ಕಣ್ಣು ನೋಡಿ ಮಾತನಾಡಲು ಹೆಣಗುವುದು, ಚಡಪಡಿಸುವ ಕೈಯನ್ನು ಮೇಜಿನ ಕೆಳಗೆ ಅಡಗಿಸುವುದು, ‘ನೋಡೋಣ’ ಎಂದರೆ ಹೌದೋ ಅಲ್ಲವೋ ಎಂದು ಬಿಡಿಸುವುದು, ಪಕ್ಕದ ಮೇಜಿನ ಹರಟೆಯನ್ನು ಕಿವಿಯಿಂದ ಹೊರಗಿಡುವುದು. ಹೀಗೆ ತಮ್ಮ ಸಹಜ ರೀತಿಯನ್ನು ಮುಚ್ಚಿಟ್ಟು ಇತರರಂತೆ ಕಾಣಿಸಿಕೊಳ್ಳುವುದಕ್ಕೆ ಮಾಸ್ಕಿಂಗ್ ಎಂಬ ಹೆಸರಿದೆ. ಶಕ್ತಿಯನ್ನು ಹೀರುವುದು ಹೆಚ್ಚಾಗಿ ಈ ಎರಡನೆಯ ದುಡಿಮೆ. ಅದನ್ನು ಕಡಿಮೆ ಮಾಡದೆ ಯೋಗ ಶಿಬಿರ, ಮನೋಬಲದ ಉಪನ್ಯಾಸ ಏರ್ಪಡಿಸಿದರೆ ಏನೂ ಆಗದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಕಾಣದ ದುಡಿಮೆ ಬಹುಕಾಲ ಸಾಗಿದರೆ ಮನುಷ್ಯ ಬಳಲಿ ಬರಿದಾಗಬಹುದು; ಅದೇ ಬರ್ನ್‌ಔಟ್. ಹಾಗೆಂದರೆ ಏನೆಂಬುದೂ ಸ್ಪಷ್ಟವಿರಲಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ 2022ರಿಂದ ಜಾರಿಯಲ್ಲಿದೆ. ಅದು ಬರ್ನ್‌ಔಟನ್ನು ಕಾಯಿಲೆಗಳ ಸಾಲಿಗೆ ಸೇರಿಸಿಲ್ಲ; ಸರಿಯಾಗಿ ನಿಭಾಯಿಸದೆ ಬಿಟ್ಟ, ಬಹುಕಾಲದ ಕೆಲಸದ ಒತ್ತಡದಿಂದ ಬರುವ ಸ್ಥಿತಿ ಎಂದಿದೆ. ಬತ್ತಿಹೋದ ಶಕ್ತಿ, ಕೆಲಸದಿಂದ ದೂರ ಸರಿದ ಮನಸ್ಸು, ಕುಗ್ಗಿದ ಕಾರ್ಯಕ್ಷಮತೆ ಅದರ ಮೂರು ಗುರುತುಗಳು. ಆಟಿಸಂ ಇರುವವರ ಬರ್ನ್‌ಔಟ್ ಕಚೇರಿಗಷ್ಟೇ ಸೀಮಿತವಲ್ಲ, ಅದರ ಆಳವೂ ಬೇರೆ. ಡೋರಾ ರೇಮೇಕರ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದು ಸಾಮಾನ್ಯವಾಗಿ ಮೂರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಕಾಡುತ್ತದೆ. ಮೊದಲು ಸಲೀಸಾಗಿ ಮಾಡುತ್ತಿದ್ದ ಕೆಲಸಗಳು ಕೈತಪ್ಪುತ್ತವೆ. ಸದ್ದು, ಬೆಳಕು ತಾಳಿಕೊಳ್ಳುವ ಶಕ್ತಿ ಕುಸಿಯುತ್ತದೆ. ವಾರದ ರಜೆಯಿಂದ ವಾಸಿಯಾಗುವ ಸುಸ್ತು ಅದಲ್ಲ. ಹಾಗಾಗಿ ಕೆಳಗಿನ ಹೆಜ್ಜೆಗಳನ್ನು ಯಾರಾದರೂ ಕುಸಿಯುವ ತನಕ ಕಾಯದೆ ಈಗಲೇ ಇಡಬೇಕು.

ಹೆಜ್ಜೆ 1: ಸ್ಥಿತಿಯ ಹೆಸರು ಕೇಳಬೇಡಿ, ಅಡ್ಡಿ ಏನೆಂದು ಕೇಳಿ

‘ನಿಮಗೆ ಏನಾದರೂ ತೊಂದರೆ ಇದೆಯೇ?’ ಎಂದು ಮೇಲಧಿಕಾರಿ ಕೇಳಿದರೆ ‘ಇಲ್ಲ’ ಎಂಬ ಉತ್ತರವೇ ಬರುತ್ತದೆ. ಹೌದೆಂದರೆ ಮುಂದೇನಾಗುತ್ತದೋ ಎಂಬ ಭಯ ಅದಕ್ಕೆ ಕಾರಣ. ಪ್ರಶ್ನೆಯನ್ನು ಕೆಲಸದ ಕಡೆಗೆ ತಿರುಗಿಸಿ. ದಿನದ ಯಾವ ಕೆಲಸ ಮುಗಿದ ಮೇಲೆ ಹೆಚ್ಚು ದಣಿವಾಗುತ್ತದೆ? ಸೂಚನೆ ಬರಹದಲ್ಲಿ ಬೇಕೇ, ಮಾತಿನಲ್ಲಿ ಬೇಕೇ? ನೀವು ಕೂರುವ ಜಾಗದಲ್ಲಿ ಗಮನ ಕೆಡಿಸುವುದು ಯಾವುದು?

ಈ ಪ್ರಶ್ನೆಗಳನ್ನು ತಂಡದ ಪ್ರತಿಯೊಬ್ಬರಿಗೂ ಕೇಳಿ. ತಮ್ಮ ಸ್ಥಿತಿಗೆ ಹೆಸರಿದೆ ಎಂಬುದೇ ಗೊತ್ತಿಲ್ಲದೆ ನಡುವಯಸ್ಸು ದಾಟಿದವರಿದ್ದಾರೆ. ಗೊತ್ತಿದ್ದೂ ಹೇಳಿಕೊಳ್ಳಲು ಇಷ್ಟಪಡದವರಿದ್ದಾರೆ. ಎಲ್ಲರಿಗೂ ಕೇಳಿದರೆ ಯಾರೂ ಬೆರಳಿಗೆ ಗುರಿಯಾಗುವುದಿಲ್ಲ. ಯಾರಾದರೂ ನಂಬಿ ಹೇಳಿಕೊಂಡರೆ ಆ ಮಾತು ನಿಮ್ಮಲ್ಲೇ ಉಳಿಯಬೇಕು.

ಇದು ಉಪಕಾರದ ವಿಷಯವೂ ಅಲ್ಲ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆ, ಸಮಂಜಸವಾದ ಹೊಂದಾಣಿಕೆಯನ್ನು, ಅಂದರೆ ಅತಿಯಾದ ಹೊರೆಯಾಗದಂತೆ ಮಾಡಿಕೊಡಬಹುದಾದ ಅಗತ್ಯ ಬದಲಾವಣೆಯನ್ನು, ನಿರಾಕರಿಸುವುದನ್ನೂ ತಾರತಮ್ಯವೆಂದೇ ಎಣಿಸುತ್ತದೆ.

ಹೆಜ್ಜೆ 2: ಹೇಳುವುದನ್ನು ಪೂರ್ತಿ ಹೇಳಿ

ಇದೊಂದೇ ಹೆಜ್ಜೆ ಇಡಲು ಸಾಧ್ಯ ಎನ್ನುವವರು ಇದನ್ನೇ ಆರಿಸಿಕೊಳ್ಳಲಿ. ಯಾವ ಕಚೇರಿಯಲ್ಲಾದರೂ ಸಿಗಬಹುದಾದ ಸಂದೇಶವೊಂದನ್ನು ನೋಡಿ: ‘ಕಳೆದ ಸಲದ ಹಾಗೆ ಈ ವರದಿಯನ್ನೂ ಸ್ವಲ್ಪ ನೋಡಿ, ಆದಷ್ಟು ಬೇಗ ಕಳುಹಿಸಿ.’

ಓದುವವರ ತಲೆಯಲ್ಲಿ ಏಳುವ ಪ್ರಶ್ನೆಗಳಿವು. ಕಳೆದ ಸಲ ಎಂದರೆ ಯಾವ ಸಲ? ‘ಸ್ವಲ್ಪ ನೋಡಿ’ ಎಂದರೆ ಓದಿದರೆ ಸಾಕೇ, ತಿದ್ದಬೇಕೇ? ಬೇಗ ಎಂದರೆ ಇವತ್ತೇ? ಹಾಗಾದರೆ ಕೈಯಲ್ಲಿರುವ ಕೆಲಸ? ಮತ್ತೆ ಕೇಳಿದರೆ ‘ಇಷ್ಟೂ ತಿಳಿಯುವುದಿಲ್ಲವೇ’ ಎಂದುಕೊಳ್ಳುತ್ತಾರೇನೋ? ಬರೆದವರಿಗೆ ಅರ್ಧ ನಿಮಿಷ ಉಳಿಯಿತು. ಓದಿದವರ ಅರ್ಧ ದಿನ ಹೋಯಿತು.

ಅದನ್ನೇ ಹೀಗೆ ಬರೆಯಬಹುದು: ‘ಲಗತ್ತಿಸಿದ ವರದಿಯ 4ರಿಂದ 9ನೇ ಪುಟಗಳಲ್ಲಿ ಅಂಕಿಗಳನ್ನು ಮಾತ್ರ ಪರಿಶೀಲಿಸಿ. ತಪ್ಪು ಕಂಡಲ್ಲಿ ಹಳದಿ ಗುರುತು ಹಾಕಿ, ತಿದ್ದುವುದು ಬೇಡ. ಗುರುವಾರ ಮಧ್ಯಾಹ್ನ 3ರೊಳಗೆ ಕಳುಹಿಸಿದರೆ ಸಾಕು. ಸುಮಾರು ಎರಡು ಗಂಟೆಯ ಕೆಲಸ. ಬಿಲ್ಲುಗಳ ಕೆಲಸಕ್ಕಿಂತ ಇದು ಮೊದಲು.’

ಏನು, ಎಷ್ಟು, ಯಾವಾಗ, ಯಾವುದಕ್ಕಿಂತ ಮೊದಲು ಎಂಬ ನಾಲ್ಕೂ ಇದರಲ್ಲಿವೆ. ಎಡಿಎಚ್‌ಡಿ ಇರುವವರಿಗೆ ಬಾಯಿಮಾತಿನ ಸೂಚನೆ ಬಾಗಿಲು ದಾಟುವಷ್ಟರಲ್ಲಿ ಜಾರಿಹೋಗಬಹುದು, ಬರೆದದ್ದು ಜಾರುವುದಿಲ್ಲ. ಆದರೆ ಡಿಸ್ಲೆಕ್ಸಿಯಾ ಇರುವವರ ಮುಂದೆ ಎರಡು ಪುಟದ ಒತ್ತಾದ ಬರಹ ಇಟ್ಟರೆ ಅದೇ ಅಡ್ಡಿಯಾಗುತ್ತದೆ. ಅವರಿಗೆ ಚಿಕ್ಕ ಸಾಲುಗಳು ಬೇಕು, ಇಲ್ಲವೇ ಧ್ವನಿ ಸಂದೇಶ ಬೇಕು. ಮೊದಲ ಹೆಜ್ಜೆಯಲ್ಲಿ ಕೇಳಿ ತಿಳಿದದ್ದು ಇಲ್ಲಿ ನೆರವಿಗೆ ಬರುತ್ತದೆ.

ಟೀಕೆ ಮಾಡುವಾಗಲೂ ಇದೇ ಕ್ರಮ. ‘ಇನ್ನೂ ಚುರುಕಾಗಬೇಕು’ ಎಂದರೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ‘ಗ್ರಾಹಕರ ಪತ್ರಕ್ಕೆ ಒಂದು ದಿನದೊಳಗೆ ಉತ್ತರ ಹೋಗಬೇಕು, ಕಳೆದ ವಾರ ಮೂರು ಪತ್ರ ತಡವಾದವು’ ಎಂದರೆ ತಿಳಿಯುತ್ತದೆ.

ಹೆಜ್ಜೆ 3: ಜಾಗವನ್ನು ಹದಗೊಳಿಸಿ

ಓಡಾಟದ ದಾರಿಯಿಂದ, ಪ್ರಿಂಟರಿನಿಂದ ದೂರದ ಮೇಜು. ದಿನವೂ ಬದಲಾಗದ ಆಸನ. ನೆತ್ತಿಯ ಮೇಲಿನ ಮಿನುಗುವ ದೀಪದ ಬದಲು ಮೇಜಿನ ದೀಪ. ಹೆಡ್‌ಫೋನ್ ಹಾಕಿಕೊಂಡರೆ ಅದು ಅಸಡ್ಡೆಯಲ್ಲ ಎಂದು ತಂಡಕ್ಕೆಲ್ಲ ಒಮ್ಮೆ ಹೇಳಿಬಿಡುವುದು. ಇವುಗಳಲ್ಲಿ ಬಹಳಷ್ಟಕ್ಕೆ ದುಡ್ಡು ಬೇಕಿಲ್ಲ. ಅಂಗವಿಕಲ ಉದ್ಯೋಗಿಗಳಿಗೆ ಬೇಕಾದ ಹೊಂದಾಣಿಕೆಗಳ ಬಗ್ಗೆ ಸಲಹೆ ನೀಡುವ ಅಮೆರಿಕದ ಜಾಬ್ ಅಕಾಮೊಡೇಷನ್ ನೆಟ್‌ವರ್ಕ್, ಅವುಗಳಿಗೆ ಎಷ್ಟು ಖರ್ಚಾಯಿತೆಂದು ಉದ್ಯೋಗದಾತರನ್ನು ವರ್ಷಗಳಿಂದ ಕೇಳುತ್ತ ಬಂದಿದೆ. ಇಂಥ ಹೊಂದಾಣಿಕೆಗೆ ಏನೂ ಖರ್ಚಾಗಲಿಲ್ಲ ಎಂದವರ ಪ್ರಮಾಣ ಸುಮಾರು ಅರ್ಧದಷ್ಟಿದೆ.

ಹೆಜ್ಜೆ 4: ಸಭೆಯ ನಿಯಮ ಬದಲಿಸಿ

ಚರ್ಚೆಯ ವಿಷಯಗಳನ್ನು ಹಿಂದಿನ ದಿನವೇ ಕಳುಹಿಸಿ. ಸಭೆಯಲ್ಲಿ ಮಾತನಾಡದವರು ಸಂಜೆಯೊಳಗೆ ಬರೆದು ತಿಳಿಸಬಹುದು ಎಂದು ಹೇಳಿ, ಆ ಬರಹಕ್ಕೂ ಮಾತಿನಷ್ಟೇ ತೂಕ ಕೊಡಿ. ವಿಡಿಯೊ ಸಭೆಯಲ್ಲಿ ಕ್ಯಾಮೆರಾ ಹಾಕಲೇಬೇಕೆಂದು ಒತ್ತಾಯಿಸಬೇಡಿ. ಎದುರಿನವರು ಗೋಡೆ ನೋಡುತ್ತಿದ್ದರೆ ನಿಮ್ಮ ಮಾತು ಕೇಳುತ್ತಿಲ್ಲ ಎಂದು ಭಾವಿಸಬೇಡಿ. ಹಲವರಿಗೆ ಕಣ್ಣು ಬೇರೆಡೆ ಇದ್ದಾಗಲೇ ಕಿವಿ ಚುರುಕು.

ಆಟಿಸಂ ಇರುವವರಿಗೆ ಇತರರ ಮನಸ್ಸು ಅರ್ಥವಾಗುವುದಿಲ್ಲ ಎಂಬ ಮಾತು ಬಹುಕಾಲ ಚಾಲ್ತಿಯಲ್ಲಿತ್ತು. ಸ್ವತಃ ಆಟಿಸಂ ಇರುವ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಇದನ್ನು ಪ್ರಶ್ನಿಸಿದರು. ಅರ್ಥವಾಗದಿರುವುದು ಎರಡೂ ಕಡೆಗೆ ಸೇರಿದ್ದು, ಅವರ ಮನಸ್ಸನ್ನು ಓದಲು ಉಳಿದವರೂ ಸೋಲುತ್ತಾರೆ ಎಂದರು. ಈ ವಾದ ನನಗೆ ಬಹಳ ನ್ಯಾಯವಾಗಿ ಕಾಣುತ್ತದೆ. ಸೇತುವೆಯನ್ನು ಒಂದೇ ದಡದವರು ಕಟ್ಟಬೇಕು ಎಂದು ನಾವು ಇಷ್ಟು ಕಾಲ ಪಟ್ಟು ಹಿಡಿದಿದ್ದೆವು.

ಹೆಜ್ಜೆ 5: ಚೆನ್ನಾಗಿ ಮಾಡುವವರ ಮೇಲೆ ಮತ್ತಷ್ಟು ಹೇರಬೇಡಿ

ಮೆಚ್ಚಿನ ಕೆಲಸ ಸಿಕ್ಕರೆ ಊಟ, ನಿದ್ದೆ ಮರೆತು ಅದರಲ್ಲೇ ಮುಳುಗುವ ಗುಣ ಎಡಿಎಚ್‌ಡಿ, ಆಟಿಸಂ ಇರುವ ಹಲವರಲ್ಲಿದೆ. ಮೂರು ದಿನದ ಕೆಲಸ ಒಂದೇ ರಾತ್ರಿಯಲ್ಲಿ ಮುಗಿದಿರುತ್ತದೆ. ಮೇಲಧಿಕಾರಿಗೆ ಸಂತೋಷ. ಮುಂದಿನ ಸಲ ಅದೇ ವೇಗ ನಿರೀಕ್ಷೆಯಾಗುತ್ತದೆ, ಅದರ ಮುಂದಿನ ಸಲ ಅದೇ ನಿಯಮವಾಗುತ್ತದೆ. ಮೊದಲೇ ‘ಇಲ್ಲ’ ಎನ್ನಲು ಕಷ್ಟಪಡುವ ವ್ಯಕ್ತಿ, ಎಲ್ಲಿ ತನ್ನ ಕೊರತೆ ಬಯಲಾಗುತ್ತದೋ ಎಂಬ ಅಂಜಿಕೆಯಲ್ಲಿ ಒಪ್ಪಿಕೊಳ್ಳುತ್ತಲೇ ಹೋಗುತ್ತಾನೆ. ಕುಸಿದಾಗ ಎಲ್ಲರಿಗೂ ಆಶ್ಚರ್ಯ: ‘ಅಷ್ಟು ಚೆನ್ನಾಗಿ ಮಾಡುತ್ತಿದ್ದರಲ್ಲ!’

ಆದ್ದರಿಂದ ಗಡುವಿಗೆ ಮೊದಲೇ ಕೆಲಸ ಬಂದರೆ ಉಳಿದ ಸಮಯ ಅವರದ್ದೇ ಆಗಿರಲಿ. ದೊಡ್ಡ ಕೆಲಸವನ್ನು ಎರಡು ಮೂರು ದಿನದ ತುಂಡುಗಳಾಗಿ ಮಾಡಿ, ಪ್ರತಿ ತುಂಡಿಗೂ ದಿನಾಂಕ ಕೊಡಿ. ಕೊನೆಯ ದಿನಾಂಕವೊಂದೇ ಇದ್ದರೆ ಸಮಯ ಸರಿಯುವುದು ಕೆಲವರ ಅರಿವಿಗೇ ಬರುವುದಿಲ್ಲ. ಹೊಸದೊಂದು ಕೆಲಸ ಕೊಡುವಾಗ ಹಳೆಯ ಯಾವುದನ್ನು ಬದಿಗಿಡಬಹುದು ಎಂಬುದನ್ನೂ ನೀವೇ ಹೇಳಿ. ಆ ತೀರ್ಮಾನವನ್ನು ಅವರ ತಲೆಗೆ ಕಟ್ಟಬೇಡಿ.

ಹೆಜ್ಜೆ 6: ಮುನ್ಸೂಚನೆ ಕಂಡ ವಾರವೇ ಭಾರ ಇಳಿಸಿ

ನಿಖರವಾಗಿ ಬರೆಯುತ್ತಿದ್ದವರ ಪತ್ರದಲ್ಲಿ ಪದಗಳು ಬಿಟ್ಟುಹೋಗುತ್ತವೆ. ನಿನ್ನೆಯವರೆಗೆ ಸಹಿಸುತ್ತಿದ್ದ ಫ್ಯಾನಿನ ಸದ್ದು ಇವತ್ತು ಅಸಹನೀಯವಾಗುತ್ತದೆ. ಮಾತು ಕಡಿಮೆಯಾಗುತ್ತದೆ, ಸಣ್ಣ ತೀರ್ಮಾನಕ್ಕೂ ಗಂಟೆ ಹಿಡಿಯುತ್ತದೆ, ಭಾನುವಾರವಿಡೀ ಮಲಗಿದರೂ ಸೋಮವಾರ ಮುಖದಲ್ಲಿ ಅದೇ ಬಳಲಿಕೆ. ಸೋಮಾರಿತನದ ಪಟ್ಟ ಕಟ್ಟುವ ಮೊದಲು ಹಿಂದಿನ ಎರಡು ತಿಂಗಳಲ್ಲಿ ಏನು ಬದಲಾಯಿತೆಂದು ನೋಡಿ: ಹೊಸ ಆಸನ, ಹೊಸ ಮೇಲಧಿಕಾರಿ, ಹೆಚ್ಚಿದ ಸಭೆಗಳು.

ಆಗ ‘ಧೈರ್ಯವಾಗಿರಿ, ನಾಲ್ಕು ಜನರೊಂದಿಗೆ ಬೆರೆಯಿರಿ’ ಎಂಬ ಮಾತು ಕೆಲಸಕ್ಕೆ ಬಾರದು. ಬೆರೆಯುವುದೇ ದಣಿವಿನ ಮೂಲವಾಗಿರಬಹುದು. ಆ ವಾರದ ಸಭೆಗಳನ್ನು ರದ್ದು ಮಾಡಿ. ಗಡುವನ್ನು ಅವರು ಕೇಳುವ ಮೊದಲೇ ಮುಂದೂಡಿ. ಮನೆಯಿಂದ ಕೆಲಸ ಮಾಡಲು ಸಾಧ್ಯವಿದ್ದರೆ ಅವಕಾಶ ಕೊಡಿ. ಬರ್ನ್‌ಔಟ್ ಮತ್ತು ಖಿನ್ನತೆ ಹೊರಗಿನಿಂದ ಒಂದೇ ತೆರನಾಗಿ ಕಾಣಬಹುದು. ಯಾವುದೆಂದು ತೀರ್ಮಾನಿಸುವುದು ವೈದ್ಯರ ಕೆಲಸ, ಸಹೋದ್ಯೋಗಿಗಳದ್ದಲ್ಲ. ಬದುಕುವುದೇ ಬೇಡ ಎಂಬ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡದೆ ತಕ್ಷಣ ವೈದ್ಯಕೀಯ ನೆರವು ಕೊಡಿಸಿ.

ನೀವೇ ಆ ವ್ಯಕ್ತಿಯಾಗಿದ್ದರೆ

ನಿಮ್ಮ ಇಡೀ ಕಥೆ ಹೇಳಬೇಕಾದ ಅಗತ್ಯವಿಲ್ಲ. ಒಂದು ಅಡ್ಡಿ, ಒಂದು ಬೇಡಿಕೆ, ಅದರಿಂದ ಕೆಲಸಕ್ಕಾಗುವ ಅನುಕೂಲ ಇಷ್ಟನ್ನು ಬರೆದು ಕಳುಹಿಸಿ. ‘ಬೆಳಿಗ್ಗೆ ಮಾತಿನಲ್ಲಿ ಬರುವ ಸೂಚನೆಗಳಲ್ಲಿ ಕೆಲವು ನನಗೆ ತಪ್ಪಿಹೋಗುತ್ತಿವೆ. ಅವನ್ನು ಸಂದೇಶದಲ್ಲಿ ಕಳುಹಿಸಿದರೆ ಮತ್ತೆ ಕೇಳುವ ಅಗತ್ಯ ಬೀಳುವುದಿಲ್ಲ.’ ಸ್ಥಿತಿಯ ಹೆಸರನ್ನು ಹೇಳುವುದು ಬಿಡುವುದು ನಿಮ್ಮ ಇಷ್ಟ. ಎರಡು ವಾರ ದಿನದ ಕೊನೆಯಲ್ಲಿ, ಯಾವುದು ದಣಿಸಿತು, ಯಾವುದು ಹಗುರ ಮಾಡಿತು ಎಂದು ಒಂದೊಂದು ಸಾಲು ಬರೆದಿಡಿ. ಏನು ಕೇಳಬೇಕೆಂಬುದು ಆ ಸಾಲುಗಳಿಂದಲೇ ಸ್ಪಷ್ಟವಾಗುತ್ತದೆ. ಮುಖವಾಡ ಕಳಚಿಟ್ಟು ಕೂರಬಹುದಾದ ಒಂದಿಷ್ಟು ಹೊತ್ತು ಪ್ರತಿದಿನವೂ ಇರಲಿ. ಅದು ಸಿಕ್ಕರೆ ಸಿಗಲಿ ಎಂದು ಬಿಡುವಂಥದ್ದಲ್ಲ.

ಹೆಜ್ಜೆ 7: ಮರಳಿ ಬಂದವರಿಗೆ ಅದೇ ಕುರ್ಚಿ ತೋರಿಸಬೇಡಿ

ದೀರ್ಘ ರಜೆಯ ಬಳಿಕ ಬಂದವರನ್ನು ಅದೇ ಗದ್ದಲ, ಅದೇ ಗಡುವು, ಅದೇ ಅಸ್ಪಷ್ಟ ಸೂಚನೆಗಳ ನಡುವೆ ಕೂರಿಸಿದರೆ ರಜೆ ವ್ಯರ್ಥ. ಬರುವ ಮೊದಲೇ ಏನೇನು ಬದಲಾಗಿದೆ ಎಂದು ಬರೆದು ತಿಳಿಸಿ. ಅರ್ಧ ದಿನದ ಕೆಲಸದಿಂದ ಆರಂಭಿಸಿ, ವಾರಗಳ ಅಂತರದಲ್ಲಿ ಹೆಚ್ಚಿಸಿ. ಹಿಂದಿನ ವೇಗ ಬೇಗ ಬರಲಿ ಎಂದು ಆತುರಪಡಬೇಡಿ. ತಿಂಗಳಿಗೊಮ್ಮೆ, ಮೊದಲೇ ಗೊತ್ತುಮಾಡಿದ ದಿನ ಹದಿನೈದು ನಿಮಿಷ ಕುಳಿತು, ಯಾವ ಬದಲಾವಣೆ ಉಪಯೋಗವಾಯಿತು, ಯಾವುದು ಆಗಲಿಲ್ಲ ಎಂದು ಕೇಳಿ. ಆ ಮಾತುಕತೆಗೆ ಕರೆಯುವ ಸಂದೇಶದಲ್ಲಿ ವಿಷಯ ಏನೆಂದು ಒಂದು ಸಾಲು ಬರೆಯುವುದನ್ನು ಮರೆಯಬೇಡಿ.