ಒಂದು ಗಂಟೆಗೇ ತಿರುಗಬೇಕಿತ್ತು

ಗೆಳೆಯನ ಜೊತೆ ಬೆಟ್ಟ ಹತ್ತಲು ಹೊರಡುವ ಹಿಂದಿನ ರಾತ್ರಿ ನಾನೇ ಒಂದು ಚೀಟಿ ಬರೆದುಕೊಂಡಿದ್ದೆ: ‘ಎಲ್ಲೇ ಇರಲಿ, ಮಧ್ಯಾಹ್ನ 1ಕ್ಕೆ ವಾಪಸ್.’ ಆ ಚೀಟಿ ಇಡೀ ದಿನ ಜೇಬಲ್ಲೇ ಇತ್ತು. ರಾತ್ರಿ 9:40ಕ್ಕೆ ಕುಂಟುತ್ತಾ ಕೆಳಗೆ ಬಂದಾಗಲೂ ಇತ್ತು.

ಹೋಗಿಬರಲು 14 ಕಿ.ಮೀ., ಏರು 1,200 ಮೀಟರ್. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕವನ್ನು ಚಾರಣಿಗರು ಈಗಲೂ ಹಿಡಿಯುತ್ತಾರೆ. 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮಗೆ ಐದು ಗಂಟೆ ಸಾಕು ಅಂತ ಬಂತು. ಆದರೆ ಈ ಲೆಕ್ಕ ದಾರಿ ಚೆನ್ನಾಗಿದ್ದು, ಎಲ್ಲೂ ಕೂರದೆ ನಡೆಯುವವರಿಗೆ. ನಮ್ಮದು ಕಾಲಿಟ್ಟರೆ ಜಾರುವ ಕಲ್ಲಿನ ದಾರಿ, ಬೆನ್ನ ಮೇಲೆ ಬೇಡದ್ದೆಲ್ಲ ತುಂಬಿದ ಬ್ಯಾಗು. ಜೊತೆಗೆ 6ಕ್ಕೆ ಹೊರಡಬೇಕಾದವರು ಹೊರಟಿದ್ದು 8:40ಕ್ಕೆ. ಕಾರಣ ಏನೂ ಇಲ್ಲ, ಸುಮ್ನೆ ಹರಟೆ.

12:50ಕ್ಕೆ ತುದಿ ಕಂಡಿತು. ಹತ್ತಿ ನೋಡಿದರೆ ಅದು ತುದಿಯೇ ಅಲ್ಲ. ಅದರ ಹಿಂದೆ ಇನ್ನೊಂದು ಏರು, ಅದರ ಹಿಂದೆ ಮಂಜು. ನಾನು ಗಡಿಯಾರ ನೋಡಿದೆ. ಗೆಳೆಯ ನನ್ನ ಮುಖ ನೋಡಿದ.

‘ಇಪ್ಪತ್ತು ನಿಮಿಷ ಕಣೋ, ಇಷ್ಟು ದೂರ ಬಂದು ಬಿಡೋದಾ?’

ಅವನ ಮೇಲೆ ಹಾಕಿ ಪ್ರಯೋಜನವಿಲ್ಲ. ಅವನು ಕೇಳದಿದ್ದರೆ ನಾನೇ ಕೇಳುತ್ತಿದ್ದೆ. ತುದಿ ಮುಟ್ಟುವಾಗ 2:15. ಅಲ್ಲಿ ತೆಗೆದ ಫೋಟೋದಲ್ಲಿ ನಾವಿಬ್ಬರು, ಹಿಂದೆ ಸುಣ್ಣ ಬಳಿದ ಗೋಡೆಯಂಥ ಮಂಜು. ಅಷ್ಟೇ. ಪ್ರತಿ ಸಾವಿರ ಮೀಟರಿಗೆ ಸುಮಾರು 6.5 ಡಿಗ್ರಿಯಷ್ಟು ತಣ್ಣಗಾಗುತ್ತದೆ ಅಂತ ಓದಿದ್ದೆ. ಬೆವರಲ್ಲಿ ನೆಂದ ಹತ್ತಿ ಅಂಗಿಗೆ ಗಾಳಿ ಬಡಿದಾಗ ಅದು ನಿಜವಾಗಿ ಅರ್ಥವಾಯಿತು.

ಇಳಿಯುವಾಗ ಬೆಟ್ಟದ ಏಣು, ಅಂದರೆ ತುದಿಯಿಂದ ಇಳಿದು ಬರುವ ಉದ್ದನೆಯ ದಿಣ್ಣೆ, ಒಂದು ಕಡೆ ಎರಡಾಗಿ ಕವಲೊಡೆಯುತ್ತದೆ. ಹತ್ತುವಾಗ ಇದು ಗೊತ್ತೇ ಆಗುವುದಿಲ್ಲ, ಎರಡೂ ದಾರಿ ಒಂದೇ ತುದಿಗೆ ಬಂದು ಸೇರುತ್ತವೆ. ಇಳಿಯುವವನಿಗೆ ಮಾತ್ರ ಆಯ್ಕೆ. ಮಂಜಲ್ಲಿ ನಾವು ಎಡಕ್ಕೆ ಹೋದೆವು. ಮುಕ್ಕಾಲು ಗಂಟೆಯ ನಂತರ ನೀರಿನ ಸದ್ದು ಕೇಳಿತು. ಬರುವಾಗ ಇಂಥ ಸದ್ದು ಇರಲಿಲ್ಲ, ಅಲ್ವಾ? ಇಬ್ಬರಿಗೂ ಹಾಗೆ ಅನಿಸಿತು, ಇಬ್ಬರೂ ಬಾಯಿ ಬಿಡಲಿಲ್ಲ. ಹಳ್ಳದ ಜಾಡು ಹಿಡಿದರೆ ಹೇಗೂ ಕೆಳಗೆ ಮುಟ್ಟುತ್ತೇವೆ ಅನ್ನೋ ಧೈರ್ಯ. ಸ್ವಲ್ಪ ದೂರ ಹೋದ ಮೇಲೆ ಹಳ್ಳ ನಮ್ಮ ಕಾಲ ಮುಂದೆಯೇ ಬಂಡೆಯಿಂದ ಕೆಳಕ್ಕೆ ಧುಮುಕಿತು. ನೀರಿಗೆ ಅದು ದಾರಿ, ನಮಗಲ್ಲ.

ಅಲ್ಲೇ ನನ್ನ ಬಲಗಾಲಿನ ಶೂ ಬಾಯಿ ಬಿಟ್ಟಿತು. ಮುಂದಿನಿಂದ ಹಿಮ್ಮಡಿಯವರೆಗೆ ಸೋಲ್ ಕಿತ್ತು ನೇತಾಡುತ್ತಿತ್ತು. ನಾಲ್ಕು ವರ್ಷ ಕಪಾಟಿನಲ್ಲಿದ್ದ ಶೂ, ನೋಡಲು ಹೊಸದರ ಹಾಗೆ. ಆದರೆ ಸೋಲಿನ ಒಳಗಿನ ಪಾಲಿಯುರಿಥೇನ್ ಅನ್ನೋ ಮೆತ್ತನೆ ಪ್ಲಾಸ್ಟಿಕ್ ಪದರ ಗಾಳಿಯ ತೇವಕ್ಕೆ ತನ್ನಷ್ಟಕ್ಕೆ ಶಿಥಿಲವಾಗುತ್ತದೆ, ಬಳಸದೆ ಇಟ್ಟರೂ. ಬೆರಳಲ್ಲಿ ಮುಟ್ಟಿದರೆ ಹಳೇ ಬಿಸ್ಕತ್ತಿನ ಹಾಗೆ ಪುಡಿಪುಡಿ. ಬ್ಯಾಗಿನ ಒಂದು ಪಟ್ಟಿ ಬಿಚ್ಚಿ ಪಾದಕ್ಕೆ ಸುತ್ತು ಹಾಕಿ ಬಿಗಿದೆ. ಪ್ರತಿ ಅರ್ಧ ಗಂಟೆಗೆ ಸಡಿಲವಾಗುತ್ತಿತ್ತು, ಮತ್ತೆ ಕಟ್ಟುತ್ತಿದ್ದೆ.

ಆಗ ಗೆಳೆಯ ಫೋನ್ ತೆಗೆದ. ಬೆಳಿಗ್ಗೆಯಿಂದ ಏರೋಪ್ಲೇನ್ ಮೋಡಿನಲ್ಲಿ ಇಟ್ಟಿದ್ದ, ಮ್ಯಾಪ್ ಮೊದಲೇ ಇಳಿಸಿಕೊಂಡಿದ್ದ. ಸಿಗ್ನಲ್ ಇಲ್ಲದಿದ್ದರೂ ಜಿಪಿಎಸ್ ನಾವಿದ್ದ ಜಾಗ ತೋರಿಸಿತು. ನನ್ನ ಫೋನ್ ಫೋಟೋ ಹೊಡೆದೂ ಹೊಡೆದೂ ಸತ್ತು ಹೋಗಿತ್ತು. ನೀಲಿ ಚುಕ್ಕೆ ತಪ್ಪು ಕಣಿವೆಯಲ್ಲಿ ಕೂತಿತ್ತು. ಇಳಿದ ಇನ್ನೂರು ಮೀಟರನ್ನು ವಾಪಸ್ ಹತ್ತಲೇಬೇಕು. ಅಷ್ಟು ಕಷ್ಟದ ಹತ್ತುವಿಕೆ ಆ ದಿನ ಬೇರೊಂದಿರಲಿಲ್ಲ. ಕಾಲಿಗಿಂತ ಮನಸ್ಸೇ ಜಾಸ್ತಿ ಸೋತಿತ್ತು.

ಏಣಿನ ಮೇಲೆ ಬಂದಾಗ ಕತ್ತಲಾಗುತ್ತಿತ್ತು. ಅಲ್ಲಿ ಒಂದೇ ಒಂದು ಗೆರೆ ಸಿಗ್ನಲ್. ಕರೆ ಹೋಗಲಿಲ್ಲ, ಮೆಸೇಜ್ ಹೋಯಿತು: ‘ತಡ ಆಗಿದೆ, ಪೆಟ್ಟಾಗಿಲ್ಲ, ಬಂದ ದಾರಿಯಲ್ಲೇ ಇಳಿಯುತ್ತಿದ್ದೇವೆ.’ 8ರೊಳಗೆ ಸುದ್ದಿ ಬರದಿದ್ದರೆ ಸಹಾಯಕ್ಕೆ ಕರೆ ಮಾಡಿ ಅಂತ ಮನೆಯಲ್ಲಿ ಹೇಳಿದ್ದೆ. ಆ ದಿನ ನಾನು ಮಾಡಿದ ಒಂದೇ ಬುದ್ಧಿವಂತಿಕೆ ಅದು.

ಹೆಡ್‌ಲ್ಯಾಂಪ್ ಇದ್ದದ್ದು ಒಂದೇ. ‘ಹಗಲು ಹೋಗಿ ಹಗಲು ಬರೋದು, ಎರಡು ಯಾಕೆ?’ ಅಂದವನು ನಾನೇ. ಮುಂದೆ ನಡೆಯುವವನು ಹಾಕಿಕೊಂಡರೆ ಹಿಂದಿನವನಿಗೆ ಅವನ ನೆರಳು ಮಾತ್ರ ಸಿಗುತ್ತದೆ. ಕೊನೆಗೆ ದೀಪ ಹಿಂದಿನವನ ತಲೆಗೆ ಕಟ್ಟಿದೆವು. ಮುಂದಿನವನ ಪಕ್ಕದಿಂದ ಬೆಳಕು ಹಾಯಿಸುವುದು, ಹತ್ತು ಹೆಜ್ಜೆಗೆ ನಿಂತು ಹಿಂದೆ ಮುಂದೆ ಬದಲಾಗುವುದು. ನಿಧಾನ, ಆದರೆ ಯಾರೂ ಬೀಳಲಿಲ್ಲ.

ಮರುದಿನ ಮನೆಯಲ್ಲಿದ್ದ ಎಲ್ಲ ಹಳೇ ಶೂಗಳ ಸೋಲನ್ನೂ ಹೆಬ್ಬೆರಳಲ್ಲಿ ಒತ್ತಿ ನೋಡಿದೆ. ಗೆಳೆಯನಿಗೆ ಸಾಲ ಕೊಡಬೇಕೆಂದು ಎತ್ತಿಟ್ಟಿದ್ದ ಜೋಡಿಯಲ್ಲಿ ಬೆರಳು ಒಳಗೇ ಹೋಯಿತು.