ನರದ ಸದ್ದು ಕೇಳಿಸಿಕೊಂಡ ಬಗೆ

ಪುಣೆಯ ಪ್ರಯೋಗಾಲಯವೊಂದರಲ್ಲಿ ಇಲಿಯ ಸಯಾಟಿಕ್ ನರದ (ಹಿಂಗಾಲಿಗೆ ಹೋಗುವ ದಪ್ಪ ನರ) ಸುತ್ತ ಸಿಲಿಕೋನ್ ಕಫ್ ಎಲೆಕ್ಟ್ರೋಡ್, ಅಂದರೆ ಒಳಮೈಯಲ್ಲಿ ಲೋಹದ ಸಂಪರ್ಕಗಳಿರುವ ಪುಟ್ಟ ಕೊಳವೆ, ತೊಡಿಸಿ ನರಸಂಕೇತ ದಾಖಲಿಸುವ ಕೆಲಸ ನನ್ನದು. ಕಫ್‌ನಲ್ಲಿ ಸಿಗುವುದು ಕೆಲವೇ ಮೈಕ್ರೊವೋಲ್ಟ್. ಪಕ್ಕದ ಸ್ನಾಯು ಬಿಗಿಯಾದಾಗ ಹೊಮ್ಮುವ ಸಂಕೇತ ಮಿಲಿವೋಲ್ಟ್ ಮಟ್ಟದ್ದು. ಗೋಡೆಯೊಳಗಿನ ತಂತಿಯಲ್ಲಿರುವುದಂತೂ 230 ವೋಲ್ಟ್.

ಮೊದಲ ವಾರ ಪರದೆಯ ಮೇಲೆ ಕಂಡದ್ದು ಸೆಕೆಂಡಿಗೆ ನೂರು ಸಲ ಏಳುವ ಚೂಪು ಮುಳ್ಳುಗಳು. ಗೋಡೆಯ ವಿದ್ಯುತ್ತಿನ 50 ಹರ್ಟ್ಸ್ ಆವರ್ತನವನ್ನಷ್ಟೇ ಅಳಿಸುವ ನಾಚ್ ಫಿಲ್ಟರ್ ಹಾಕಿದರೂ ಅವು ಕದಲಲಿಲ್ಲ. ಆಗ ವಯರಿಂಗ್ ನೋಡಲು ಬಂದಿದ್ದ, ವಿಜಯಪುರ ಕಡೆಯ ಹಿರಿಯ ಎಲೆಕ್ಟ್ರಿಷಿಯನ್, "ಮೇಡಮ್, ಆ ಫ್ಯಾನಿನ ರೆಗ್ಯುಲೇಟರ್ ಒಮ್ಮೆ ಬಂದ್ ಮಾಡಿ ನೋಡ್ರಿ" ಎಂದರು. ಬಂದ್ ಮಾಡಿದೊಡನೆ ಮುಳ್ಳುಗಳು ಮಾಯವಾದವು. ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಪ್ರತಿ ಅರ್ಧ ಆವರ್ತದಲ್ಲಿ ವಿದ್ಯುತ್ತನ್ನು ಕತ್ತರಿಸುವುದರಿಂದ ಹುಟ್ಟುವ ಆ ಚೂಪು ಅಂಚುಗಳು ಕಿಲೋಹರ್ಟ್ಸ್‌ಗಳವರೆಗೆ ಹರಡಿರುತ್ತವೆ. ನರಸಂಕೇತವೂ ಅಲ್ಲೇ ಇರುವುದರಿಂದ ಆವರ್ತನ ನೋಡಿ ಸೋಸುವ ಫಿಲ್ಟರ್ ಅವೆರಡನ್ನು ಬೇರ್ಪಡಿಸಲಾರದು. ಗದ್ದಲವನ್ನು ಹುಟ್ಟಿದ ಜಾಗದಲ್ಲೇ ಹಿಡಿಯಬೇಕೆಂಬುದು ನನಗೆ ಮನದಟ್ಟಾದದ್ದು ಅಂದೇ.

ಉಳಿದದ್ದು ಸ್ನಾಯುವಿನ ಕಾಟ. ನಮ್ಮ ಕಫ್‌ನಲ್ಲಿ ಮೂರು ಸಂಪರ್ಕಗಳಿದ್ದು, ಎರಡು ತುದಿಗಳನ್ನು ಒಂದಾಗಿಸಿ ನಡುವಿನದರೊಂದಿಗೆ ಹೋಲಿಸುತ್ತೇವೆ. ಹೊರಗಿನ ಸ್ನಾಯುವಿನ ವೋಲ್ಟೇಜ್ ಕಫ್‌ನ ಉದ್ದಕ್ಕೂ ಹೆಚ್ಚುಕಡಿಮೆ ಸಮನಾದ ಇಳಿಜಾರಾಗಿ ಹರಡುವುದರಿಂದ, ತುದಿಗಳ ಸರಾಸರಿಯೂ ನಡುವಿನ ಬೆಲೆಯೂ ಒಂದೇ ಆಗಿ, ವ್ಯತ್ಯಾಸ ತೆಗೆದಾಗ ಅದು ಕಳೆದುಹೋಗಬೇಕು. ನಮ್ಮಲ್ಲಿ ಹಾಗಾಗಲಿಲ್ಲ. 1 ಕಿಲೋಹರ್ಟ್ಸ್‌ನಲ್ಲಿ ಇಂಪೀಡೆನ್ಸ್ (ಪರ್ಯಾಯ ವಿದ್ಯುತ್ತಿಗೆ ಒಡ್ಡುವ ತಡೆ) ಅಳೆದಾಗ ಒಂದು ತುದಿಯದು ಇನ್ನೊಂದರ ಅರ್ಧದಷ್ಟೂ ಇರಲಿಲ್ಲ. ತುದಿಗಳು ಸಮನಾಗಿಲ್ಲದಿದ್ದರೆ ಸರಾಸರಿ ಒಂದು ಕಡೆಗೆ ವಾಲುತ್ತದೆ, ಸ್ನಾಯುವಿನ ಸಂಕೇತ ಒಳನುಗ್ಗುತ್ತದೆ. ಕಫ್‌ನ ತಂತಿಗಳು ಬಂದು ಸೇರುವ, ಇಲಿಯ ಬೆನ್ನ ಮೇಲಿನ ಕನೆಕ್ಟರನ್ನು ಭೂತಗನ್ನಡಿಯಲ್ಲಿ ನೋಡಿದೆ: ಎರಡು ಪಿನ್ನುಗಳ ನಡುವೆ ತೆಳುವಾದ ತೇವದ ಪೊರೆ. ಜುಲೈ ತಿಂಗಳ ಮಳೆ ಹೊರಗೆ ಸುರಿಯುತ್ತಲೇ ಇತ್ತು. ಸ್ಪಿರಿಟ್‌ನಿಂದ ಒರೆಸಿ, ಚೆನ್ನಾಗಿ ಒಣಗಿಸಿ, ಅಂಚಿಗೆ ಸಿಲಿಕೋನ್ ಹಚ್ಚಿದ ಮೇಲೆ ಎರಡೂ ತುದಿಗಳು ಬಹುಮಟ್ಟಿಗೆ ಸಮನಾದವು. ಆಂಪ್ಲಿಫೈಯರನ್ನು ಬ್ಯಾಟರಿಗೆ ಬದಲಿಸಿ, ಎಲ್ಲ ಅರ್ಥಿಂಗನ್ನೂ ಒಂದೇ ಬಿಂದುವಿಗೆ ತಂದೆವು.

ಅರಿವಳಿಕೆಯಲ್ಲಿದ್ದ ಇಲಿಯ ಅಂಗಾಲಿಗೆ ಮೆತ್ತನೆಯ ಕುಂಚ ಸವರಿದಾಗ, ನರಸಂಕೇತವನ್ನು ಸದ್ದಾಗಿ ಕೇಳಿಸುವ ಸ್ಪೀಕರಿನಿಂದ ತರಗೆಲೆ ಸರಿದಂತಹ ಸದ್ದು ಬಂತು. ಕುಂಚ ಎತ್ತಿದೊಡನೆ ನಿಂತಿತು. ತಂತಿ ಅಲುಗಿದ್ದರಿಂದ ಹುಟ್ಟಿದ ಸದ್ದಿರಬಹುದೆಂದು ಅನುಮಾನಿಸಿ, ಕಫ್ ಇಲ್ಲದ ಇನ್ನೊಂದು ಕಾಲಿನ ಅಂಗಾಲನ್ನೂ ಅಷ್ಟೇ ಬಿಗಿಯಾಗಿ ಸವರಿದೆ. ಸ್ಪೀಕರ್ ಸುಮ್ಮನಿತ್ತು.